ಒಂದೇ ಜಿಲ್ಲೆ, ಮೂರು ಲೋಕಸಭಾ ಕ್ಷೇತ್ರ: ಬೆಳಗಾವಿಯ ಮತದಾರರಿಗೆ ಸಿಗುವ ಸೇವೆಯ ವಿಮರ್ಶೆ

ನಮ್ಮ ಮನೆತನದ ಮತಗಳು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ನಾನು ಬೆಳಗಾವಿಯ ಶಹಾಪುರದಲ್ಲಿ ವಾಸವಾಗಿರುವುದರಿಂದ ನನ್ನ ಮತ ಬೆಳಗಾವಿ ಕ್ಷೇತ್ರಕ್ಕೆ ಸೇರುತ್ತದೆ. ಅಕ್ಕನನ್ನು ಕೊಟ್ಟದ್ದು ಸಂಕೇಶ್ವರಕ್ಕೆ. ಅದು ಹುಕ್ಕೇರಿ ವಿಧಾನಸಭಾ ಕ್ಷೇತ್ರದೊಂದಿಗೆ ಚಿಕ್ಕೋಡಿಗೆ ಹೋಗುತ್ತದೆ. ಅವ್ವ ಕಿತ್ತೂರು ಸೀಮೆಯ ನಮ್ಮ ಹಳ್ಳಿಯನ್ನು ಬಿಟ್ಟು ಬರಲು ಒಪ್ಪಿಲ್ಲ. ಅವಳ ಮತ ಘಟ್ಟ ಇಳಿದು ಕಡಲ ದಂಡೆಯವರೆಗೆ ಹರಡಿರುವ ಉತ್ತರ ಕನ್ನಡ ಕ್ಷೇತ್ರಕ್ಕೆ ಸಲ್ಲುತ್ತದೆ. ಮೂವರೂ ಒಂದೇ ಜಿಲ್ಲೆಯವರು, ಮೂವರೂ 2024ರ ಮೇ 7ರಂದು ಮತದಾನ ನಡೆದ ಕ್ಷೇತ್ರಗಳವರು, ಆದರೆ ಮೂವರ ಮುಂದೆ ಬಂದ ಅಭ್ಯರ್ಥಿಗಳ ಪಟ್ಟಿ ಬೇರೆ ಬೇರೆ. ಆ ಚುನಾವಣೆಯಲ್ಲಿ ಮತದಾರರಿಗೆಂದು ಇರುವ ಸೇವೆಗಳನ್ನು, ಅಂದರೆ ಮೊಬೈಲ್ ಆ್ಯಪ್, 1950 ಸಹಾಯವಾಣಿ, ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ, ಮನೆಯಿಂದಲೇ ಮತದಾನ, ಮತಗಟ್ಟೆಯ ಸೌಕರ್ಯ ಮತ್ತು ಎಣಿಕೆಯ ದಿನದ ಫಲಿತಾಂಶದ ಜಾಲತಾಣ, ಇವೆಲ್ಲವನ್ನೂ ನಾವು ಒಂದಲ್ಲ ಒಂದು ಕಡೆ ಬಳಸಿದೆವು. ಹೋಟೆಲು, ಅಂಗಡಿ, ಆಸ್ಪತ್ರೆಗಳ ಬಗ್ಗೆ ಅಭಿಪ್ರಾಯ ಬರೆಯುವವರು ಬಹಳ ಜನರಿದ್ದಾರೆ. ಐದು ವರ್ಷಕ್ಕೊಮ್ಮೆ ನಮ್ಮೆಲ್ಲರ ಮನೆ ಬಾಗಿಲಿಗೆ ಬರುವ ಈ ಸೇವೆಯ ಬಗ್ಗೆ ಬಳಸಿದವರು ಬರೆದದ್ದು ನನ್ನ ಕಣ್ಣಿಗೆ ಹೆಚ್ಚು ಬಿದ್ದಿಲ್ಲ. ಯಾರು ಗೆಲ್ಲಬೇಕಿತ್ತು ಎಂಬ ಮಾತನ್ನು ನಾನು ಇಲ್ಲಿ ತೆಗೆಯುವುದಿಲ್ಲ.

ಮೊದಲು ಕ್ಷೇತ್ರಗಳ ಹಂಚಿಕೆಯ ವಿಷಯ ಹೇಳಬೇಕು, ಏಕೆಂದರೆ ನಮ್ಮ ಗೊಂದಲಗಳಲ್ಲಿ ದೊಡ್ಡದು ಹುಟ್ಟಿದ್ದು ಅಲ್ಲಿಂದಲೇ. ಕರ್ನಾಟಕದಲ್ಲಿ 28 ಲೋಕಸಭಾ ಕ್ಷೇತ್ರಗಳು ಮತ್ತು 224 ವಿಧಾನಸಭಾ ಕ್ಷೇತ್ರಗಳಿದ್ದು, ಒಂದು ಲೋಕಸಭಾ ಕ್ಷೇತ್ರಕ್ಕೆ ಸರಿಯಾಗಿ ಎಂಟು ವಿಧಾನಸಭಾ ಕ್ಷೇತ್ರಗಳು ಬರುತ್ತವೆ. ಬೆಳಗಾವಿ ಜಿಲ್ಲೆಯಲ್ಲಿರುವುದು 18. ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ ಮತ್ತು ಯಮಕನಮರಡಿ ಸೇರಿ ಚಿಕ್ಕೋಡಿ ಆಗುತ್ತದೆ. ಅರಭಾವಿ, ಗೋಕಾಕ, ಬೆಳಗಾವಿ ಉತ್ತರ, ದಕ್ಷಿಣ, ಗ್ರಾಮೀಣ, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಸೇರಿ ಬೆಳಗಾವಿ ಆಗುತ್ತದೆ. ಉಳಿದ ಖಾನಾಪುರ ಮತ್ತು ಕಿತ್ತೂರು ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರಗಳ ಜತೆ ಕೂಡಿ ಉತ್ತರ ಕನ್ನಡವಾಗುತ್ತವೆ. ಎಂಟರ ಲೆಕ್ಕ ಕೂಡಬೇಕಾದರೆ ಎಲ್ಲಿಯಾದರೂ ಜಿಲ್ಲೆಯ ಗಡಿ ದಾಟಲೇಬೇಕು ಎಂಬುದು ನನಗೆ ಅರ್ಥವಾಗುತ್ತದೆ. ಬಾಗಲಕೋಟೆಯಲ್ಲಿಯೂ ಹೀಗೆಯೇ ಆಗಿದೆ: ಜಿಲ್ಲೆಯ ಏಳು ಕ್ಷೇತ್ರಗಳಿಗೆ ಗದಗ ಜಿಲ್ಲೆಯ ನರಗುಂದವನ್ನು ಕೂಡಿಸಿ ಎಂಟು ಮಾಡಿದ್ದಾರೆ. ವಿಜಯಪುರದವರು ಮಾತ್ರ ಈ ವಿಷಯದಲ್ಲಿ ನಿಶ್ಚಿಂತರು. ಅಲ್ಲಿಯ ಎಂಟೂ ವಿಧಾನಸಭಾ ಕ್ಷೇತ್ರಗಳು ಜಿಲ್ಲೆಯೊಳಗೇ ಇದ್ದು, ಜಿಲ್ಲೆ ಮತ್ತು ಲೋಕಸಭಾ ಕ್ಷೇತ್ರ ಒಂದೇ ಆಗಿವೆ.

ಕಾಗದದ ಮೇಲೆ ಇದು ಗಡಿಯ ಗೆರೆ ಮಾತ್ರ, ಆದರೆ ಮತದಾರನಿಗೆ ಇದು ದಿನನಿತ್ಯದ ತಿಳಿವಳಿಕೆಗೆ ವಿರುದ್ಧವಾದ ಸಂಗತಿ. ನಮ್ಮ ಹಳ್ಳಿಯವರಿಗೆ ರೇಷನ್ ಕಾರ್ಡು, ಪಹಣಿ, ಪಿಂಚಣಿ, ಕೋರ್ಟು, ಆಸ್ಪತ್ರೆ ಎಲ್ಲದಕ್ಕೂ ಜಿಲ್ಲೆ ಎಂದರೆ ಬೆಳಗಾವಿ. ಲೋಕಸಭಾ ಚುನಾವಣೆಯೊಂದಕ್ಕೆ ಮಾತ್ರ ಅವರ ಚುನಾವಣಾಧಿಕಾರಿ ಕಾರವಾರದಲ್ಲಿರುತ್ತಾರೆ. ಪತ್ರಿಕೆಯ ಬೆಳಗಾವಿ ಪುಟದಲ್ಲಿ ಬೆಳಗಾವಿ ಕ್ಷೇತ್ರದ ಅಭ್ಯರ್ಥಿಗಳ ಫೋಟೊ ನೋಡುತ್ತ ಬಂದ ನಮ್ಮ ಓಣಿಯ ಹಿರಿಯರೊಬ್ಬರು, ಆ ಹೆಸರುಗಳು ತಮ್ಮ ಯಂತ್ರದಲ್ಲಿ ಇರುವುದಿಲ್ಲವೆಂದು ಗೊತ್ತಾದಾಗ ನಿಜಕ್ಕೂ ನೊಂದುಕೊಂಡರು. ಪ್ರತಿ ಮನೆಗೂ ಕೊಡುವ ಮತದಾರರ ಮಾಹಿತಿ ಚೀಟಿಯಲ್ಲಿ ಲೋಕಸಭಾ ಕ್ಷೇತ್ರದ ಹೆಸರನ್ನು ದಪ್ಪಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ ಮುದ್ರಿಸಬೇಕು ಮತ್ತು ಗಡಿ ದಾಟುವ ಕ್ಷೇತ್ರಗಳ ಹಳ್ಳಿಗಳಲ್ಲಿ ಡಂಗುರ ಹೊಡೆಸಿಯಾದರೂ ಇದನ್ನು ತಿಳಿಸಬೇಕು ಎಂಬುದು ನನ್ನ ಮೊದಲ ಒತ್ತಾಯ.

ಆ್ಯಪ್ ಮತ್ತು ಸಹಾಯವಾಣಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವೋಟರ್ ಹೆಲ್ಪ್‌ಲೈನ್ ಆ್ಯಪಿನಲ್ಲಿ ಗುರುತಿನ ಚೀಟಿಯ ಹತ್ತು ಅಂಕಿ-ಅಕ್ಷರಗಳ ಎಪಿಕ್ ಸಂಖ್ಯೆಯನ್ನು ಹಾಕಿದರೆ ವಿಧಾನಸಭಾ ಕ್ಷೇತ್ರ, ಲೋಕಸಭಾ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮತ್ತು ಮತಗಟ್ಟೆಯ ಹೆಸರು ಒಂದೇ ಪರದೆಯಲ್ಲಿ ಬಂದವು. ನಾನು ಒಂದು ಸಂಜೆ ಕುಳಿತು ಮನೆತನದ 14 ಜನರ ವಿವರಗಳನ್ನು ತೆಗೆದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಅವ್ವನ ಹೆಸರಿನ ಮುಂದೆ ಕಿತ್ತೂರು, ಅದರ ಕೆಳಗೆ ಉತ್ತರ ಕನ್ನಡ ಎಂದು ಕಂಡಾಗಲೇ ನನಗೆ ಎಚ್ಚರವಾಗಬೇಕಿತ್ತು. ಆ ಎರಡನೆಯ ಸಾಲನ್ನು ನಾನು ಓದಿದೆ, ಆದರೆ ಅದರಿಂದ ಏನು ವ್ಯತ್ಯಾಸವಾಗುತ್ತದೆ ಎಂಬುದನ್ನು ಯೋಚಿಸಲಿಲ್ಲ.

ಈಗ ಈ ಸೇವೆಗಳಲ್ಲಿ ಶ್ರೇಷ್ಠವಾದದ್ದಕ್ಕೆ ಬರುತ್ತೇನೆ. ಮನೆಯಿಂದಲೇ ಮತದಾನ ಮಾಡುವ ಸೌಲಭ್ಯ ಇಡೀ ಕರ್ನಾಟಕಕ್ಕೆ ಮೊದಲು ಬಂದದ್ದು 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ. ಆಗ 80 ವರ್ಷ ದಾಟಿದವರಿಗೂ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಅದು ದೊರೆಯುತ್ತಿತ್ತು. 2024ರ ಮಾರ್ಚ್‌ನಲ್ಲಿ ನಿಯಮ ತಿದ್ದುಪಡಿಯಾಗಿ ವಯಸ್ಸಿನ ಮಿತಿ 85ಕ್ಕೆ ಏರಿತು. ಬೇಕಾದವರು 12-ಡಿ ಎಂಬ ನಮೂನೆಯನ್ನು ತುಂಬಿಕೊಡಬೇಕು. ಅದನ್ನು ಬಿಎಲ್‌ಒ ಮನೆಗೇ ತಂದುಕೊಟ್ಟು ಮನೆಯಿಂದಲೇ ತೆಗೆದುಕೊಂಡು ಹೋಗುತ್ತಾರೆ. ಇದು ಕಡ್ಡಾಯವಲ್ಲ, ಮತಗಟ್ಟೆಗೆ ಬರುತ್ತೇನೆ ಎನ್ನುವವರು ಬರಬಹುದು. ಆದರೆ ಒಮ್ಮೆ 12-ಡಿ ಮಂಜೂರಾಯಿತೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ಅಂಚೆ ಮತಪತ್ರದ ಗುರುತು ಬೀಳುತ್ತದೆ, ಆಮೇಲೆ ಮತಗಟ್ಟೆಯಲ್ಲಿ ಮತ ಹಾಕಲು ಬರುವುದಿಲ್ಲ.

ಇದರ ಅವಧಿಯನ್ನು ಓದುಗರು ಗಮನವಿಟ್ಟು ನೋಡಬೇಕು. ಅಧಿಸೂಚನೆ ಹೊರಟ ಮೇಲೆ ಐದು ದಿನದೊಳಗೆ ನಮೂನೆ ಸಲ್ಲಬೇಕು. ನಮ್ಮ ಭಾಗದ 14 ಕ್ಷೇತ್ರಗಳಿಗೆ ಅಧಿಸೂಚನೆ ಹೊರಟದ್ದು 2024ರ ಏಪ್ರಿಲ್ 12ರ ಶುಕ್ರವಾರ. ಮರುದಿನ ಎರಡನೆಯ ಶನಿವಾರ, ಅದರ ಮರುದಿನ ಭಾನುವಾರ ಮತ್ತು ಅಂಬೇಡ್ಕರ್ ಜಯಂತಿ, ಕೊನೆಯ ದಿನವಾದ 17ರ ಬುಧವಾರ ರಾಮನವಮಿ. ಕಚೇರಿಯ ಕೆಲಸ ಗೊತ್ತಿರುವ ಸಾಮಾನ್ಯ ಮನುಷ್ಯ ನೆಚ್ಚಬಹುದಾದ ದಿನಗಳು ಸೋಮವಾರ ಮತ್ತು ಮಂಗಳವಾರ ಎರಡೇ. ನಮ್ಮ ಹಳ್ಳಿಯ ಬಿಎಲ್‌ಒ ಅಂಗನವಾಡಿ ಕಾರ್ಯಕರ್ತೆ. ಆ ತಾಯಿ ಯುಗಾದಿಗಿಂತ ಮೊದಲೇ ಮನೆಗೆ ಬಂದು ನಮೂನೆ ಕೊಟ್ಟುಹೋಗಿದ್ದರು. ಅವ್ವ ಅದನ್ನು ಮಗ ಬಂದಾಗ ತುಂಬಿಸೋಣವೆಂದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು ಮರೆತುಬಿಟ್ಟಿದ್ದಳು. ಅದು ನನಗೆ ಗೊತ್ತಿರಲಿಲ್ಲ. ನಾನು ಬೇರೊಂದು ಪ್ರತಿಯನ್ನು ಮುದ್ರಿಸಿಕೊಂಡು ಸೋಮವಾರ ರಜೆ ಹಾಕಿ ಬೆಳಗಾವಿ ನಗರದ ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಅದನ್ನು ತೆಗೆದುಕೊಂಡು ಮಧ್ಯಾಹ್ನದವರೆಗೆ ಕೂರಿಸಿ, ಆಮೇಲೆ ಇದು ತಮ್ಮ ಕ್ಷೇತ್ರದ್ದಲ್ಲವೆಂದು ಹೇಳಿ ಹಿಂದಿರುಗಿಸಿದರು. ಎಲ್ಲಿಗೆ ಕೊಡಬೇಕೆಂದು ಕೇಳಿದರೆ ಒಬ್ಬರು ಕಾರವಾರಕ್ಕೆ ಎಂದರು, ಇನ್ನೊಬ್ಬರು ಬೈಲಹೊಂಗಲಕ್ಕೆ ಎಂದರು. ಎರಡೂ ಬೇಕಾಗಿರಲಿಲ್ಲ. ಸಂಜೆ 1950ಕ್ಕೆ ಕರೆ ಮಾಡಿದಾಗ ಆ ಕಡೆಯ ಹೆಣ್ಣುಮಗಳು ಎಪಿಕ್ ಸಂಖ್ಯೆಯನ್ನು ಕೇಳಿ, ನಮ್ಮ ಮತಗಟ್ಟೆಯ ಬಿಎಲ್‌ಒ ಅವರಿಗೇ ಕೊಟ್ಟರೆ ಸಾಕು, ಅವರು ಕಿತ್ತೂರು ಕ್ಷೇತ್ರದ ಸಹಾಯಕ ಚುನಾವಣಾಧಿಕಾರಿಗೆ ತಲುಪಿಸುತ್ತಾರೆ ಎಂದು ಎರಡೇ ಮಾತಿನಲ್ಲಿ ಬಿಡಿಸಿ ಹೇಳಿದರು. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋಗಿ, ಅಂಗನವಾಡಿಯ ಬಾಗಿಲಲ್ಲಿಯೇ ನಿಂತು ನಮೂನೆ ಕೊಟ್ಟು ಸ್ವೀಕೃತಿ ಚೀಟಿ ಪಡೆದೆ. ಆ ಒಂದು ಫೋನ್ ಕರೆಯನ್ನು ನಾನು ಭಾನುವಾರವೇ ಮಾಡಿದ್ದರೆ ಒಂದು ದಿನದ ಸಂಬಳ ಉಳಿಯುತ್ತಿತ್ತು. ಐದು ದಿನ ಎಂಬ ಮಿತಿಯನ್ನು ಕನಿಷ್ಠ ಐದು ಕೆಲಸದ ದಿನಗಳೆಂದು ಮಾಡಿದರೆ ಆಡಳಿತಕ್ಕೆ ಹೊರೆಯಾಗುತ್ತದೆಯೆಂದು ನನಗೆ ಅನ್ನಿಸುವುದಿಲ್ಲ. ವಯಸ್ಸಾದವರ ಮಕ್ಕಳು ಊರಿನಿಂದ ದೂರವಿರುವ ಈ ಕಾಲದಲ್ಲಿ ಅದು ಬಹಳ ದೊಡ್ಡ ಉಪಕಾರವಾಗುತ್ತದೆ.

ನಾಮಪತ್ರ ಹಿಂಪಡೆಯುವ ಕೊನೆಯ ದಿನ ಏಪ್ರಿಲ್ 22. ಮತಪತ್ರ ಮುದ್ರಣವಾದದ್ದು ಅದರ ನಂತರ. ತಂಡ ಯಾವ ದಿನ ಬರುತ್ತದೆಂದು ಬಿಎಲ್‌ಒ ಮುಂಚಿತವಾಗಿಯೇ ಹೇಳಿಕಳಿಸಿದ್ದರಿಂದ ನಾನೂ ಅಲ್ಲಿಯೇ ಇದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಕ್ರೂಸರ್ ಗಾಡಿ ಬಂದು ನಿಂತಿತು. ಇಬ್ಬರು ಚುನಾವಣಾ ಸಿಬ್ಬಂದಿ, ವಿಡಿಯೊ ತೆಗೆಯುವ ಹುಡುಗ, ಒಬ್ಬ ಪೊಲೀಸ್ ಇಳಿದರು. ಸಿಬ್ಬಂದಿಯಲ್ಲಿ ಒಬ್ಬರು ಶಾಲೆಯ ಅಕ್ಕೋರು ಎಂಬುದು ಅವರ ಮಾತಿನಲ್ಲಿಯೇ ತಿಳಿಯುತ್ತಿತ್ತು. ಅವ್ವ ಜಾತ್ರೆಗೆ ಉಡುವ ಇಳಕಲ್ ಸೀರೆ ಉಟ್ಟುಕೊಂಡು ಪಡಸಾಲೆಯ ಹೊರಸಿನ ಮೇಲೆ ಬೆಳಗಿನಿಂದಲೇ ಕುಳಿತಿದ್ದಳು.

"ನಂದೊಂದು ಓಟಿಗೆ ಇಷ್ಟು ಮಂದಿ ಬಂದೀರೇನ್ರವ್ವಾ?" ಎಂದು ಅವಳು ಕೇಳಿದಳು.

"ಹೌದ್ರಿ ಅವ್ವಾರ, ನಿಮ್ಮ ಓಟಿಗೇ ಬಂದೀವ್ರಿ" ಎಂದರು ಅಕ್ಕೋರು.

ಅವರು ಮೊದಲು ಗುರುತಿನ ಚೀಟಿಯನ್ನು ಪಟ್ಟಿಯೊಂದಿಗೆ ತಾಳೆ ನೋಡಿದರು. ಆಮೇಲೆ ನೀರು ತುಂಬಿಡುವ ಕಟ್ಟೆಯ ಪಕ್ಕದ ಮೇಜನ್ನು ಎಳೆದು ಹೊರಸಿನ ಮುಂದೆ ಇಟ್ಟು, ಅದರ ಮೇಲೆ ರಟ್ಟಿನ ಮರೆಯನ್ನು ಬಿಡಿಸಿ ನಿಲ್ಲಿಸಿದರು. ಮತಪತ್ರವನ್ನೂ ಪೆನ್ನನ್ನೂ ಕೊಟ್ಟು, ಗುರುತು ಮಾಡುವ ಕ್ರಮವನ್ನು ಎರಡು ಸಲ ನಿಧಾನವಾಗಿ ತಿಳಿಸಿ, "ನಾವು ಆ ಕಡಿ ಮುಖಾ ಮಾಡಿ ನಿಂದರತೀವ್ರಿ, ನೀವು ಅವಸರ ಮಾಡಬ್ಯಾಡ್ರಿ" ಎಂದರು. ನನ್ನನ್ನೂ ಹೊರಗೆ ಕಳಿಸಿದರು. ಅವ್ವ ನಾಲ್ಕನೇ ಇಯತ್ತೆಯವರೆಗೆ ಓದಿದವಳು, ಅಕ್ಷರ ಕೂಡಿಸಿ ಓದುತ್ತಾಳೆ. ಒಂದೊಂದೇ ಹೆಸರನ್ನು ಅವಳು ಗುಣುಗುಣು ಓದುವುದು ಬಾಗಿಲಾಚೆ ನನಗೆ ಕೇಳುತ್ತಿತ್ತು. ಅಕ್ಕೋರು ತಟ್ಟನೆ, "ಅವ್ವಾರ, ಮನಸಿನ್ಯಾಗ ಓದ್ರಿ" ಎಂದು ಎಚ್ಚರಿಸಿದರು. ಅಷ್ಟು ಸೂಕ್ಷ್ಮವಾಗಿ ಗುಟ್ಟನ್ನು ಕಾಯ್ದ ಆ ಒಂದು ಮಾತಿಗಾಗಿ ನಾನು ಈ ವಿಮರ್ಶೆ ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ. ಗುರುತು ಮಾಡಿದ ಮತಪತ್ರ ಒಂದು ಲಕೋಟೆಗೆ, ಸಹಿ ಮಾಡಿದ ಘೋಷಣಾ ಪತ್ರದ ಜತೆ ಅದು ದೊಡ್ಡ ಲಕೋಟೆಗೆ, ಆ ಲಕೋಟೆ ಪೆಟ್ಟಿಗೆಗೆ ಹೋದವು. ಎಲ್ಲ ಸೇರಿ 20 ನಿಮಿಷವೂ ಆಗಲಿಲ್ಲ. ಚಹಾ ಮಾಡಿಸಿದ್ದೆವು; ಕರ್ತವ್ಯದ ಮೇಲಿದ್ದೇವೆ ಎಂದು ಕೈಮುಗಿದು ಬರೀ ನೀರು ಕುಡಿದು ಹೋದರು.

ಸರ್ಕಾರದ ಯಾವ ಸೇವೆಯೂ ನಮ್ಮ ಮನೆಯ ಹೊಸ್ತಿಲಿಗೆ ಇಷ್ಟು ಗೌರವದಿಂದ ಬಂದದ್ದನ್ನು ನಾನು ನೋಡಿಲ್ಲ. ಐದಕ್ಕೆ ಐದು ಅಂಕ ಕೊಡುತ್ತೇನೆ.

ಆದರೆ ಅದೇ ದಿನ ಗೋಡೆಯ ಆಚೆಯ ಮನೆಗೆ ಆ ಗಾಡಿ ಹೋಗಲಿಲ್ಲ. ಅಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಅವಳು ಅವ್ವನಿಗಿಂತ ಹಿರಿಯಳು, ಅವ್ವ ಮದುವೆಯಾಗಿ ಬಂದಾಗ ಆರತಿ ಬೆಳಗಿ ಒಳಗೆ ಕರೆದುಕೊಂಡವಳು ಅವಳೇ. ಆದರೆ ಮತದಾರರ ಪಟ್ಟಿಯಲ್ಲಿ ಅವ್ವನ ವಯಸ್ಸು 86, ದೊಡ್ಡವ್ವನ ವಯಸ್ಸು 82. ಹಿಂದೆ ಪಟ್ಟಿ ಮಾಡಲು ಬಂದವರು ನೋಡಿ ಅಂದಾಜಿನಿಂದ ಬರೆದುಕೊಂಡ ವಯಸ್ಸು ವರ್ಷ ವರ್ಷ ಒಂದೊಂದಾಗಿ ಕೂಡುತ್ತ ಬಂದಿದೆ. 2023ರಲ್ಲಿ ಮಿತಿ 80 ಇದ್ದದ್ದರಿಂದ ಅವಳಿಗೂ ಮನೆಯಲ್ಲಿಯೇ ಮತ ಹಾಕುವ ಅವಕಾಶ ಸಿಕ್ಕಿತ್ತು. 2024ರಲ್ಲಿ ಮಿತಿ 85 ಆದದ್ದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ನಮ್ಮ ಮನೆಗೆ ತಂಡ ಬಂದುಹೋದದ್ದನ್ನು ನೋಡಿ, ತನ್ನ ಹೆಸರು ಪಟ್ಟಿಯಿಂದ ತೆಗೆದುಹಾಕಿದ್ದಾರೆಂದೇ ತಿಳಿದು ಎರಡು ದಿನ ಮಂಕಾಗಿದ್ದಳು. ಒಮ್ಮೆ ಕೊಟ್ಟ ಸೌಲಭ್ಯವನ್ನು ಮರುವರ್ಷವೇ ಹಿಂದಕ್ಕೆ ತೆಗೆದುಕೊಳ್ಳುವಾಗ, ಹಿಂದಿನ ಸಲ ಪಡೆದವರ ಪಟ್ಟಿ ಕೈಯಲ್ಲಿರುವಾಗ, ಆ ಮನೆಗಳಿಗೆ ಹೋಗಿ ಈ ಸಲ ಮತಗಟ್ಟೆಗೆ ಬರಬೇಕಾಗುತ್ತದೆ ಎಂದು ಹೇಳಿಬರುವ ಕೆಲಸವನ್ನು ಬಿಎಲ್‌ಒಗಳಿಗೆ ಒಪ್ಪಿಸಬೇಕಿತ್ತು. 80 ದಾಟಿದ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಜನ್ಮ ದಾಖಲೆ ಇರುವವರು ಬೆರಳೆಣಿಕೆಯವರು. ಬಹಳ ಜನರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ. ವಯಸ್ಸನ್ನು ನಮೂನೆ 8ರಲ್ಲಿ ತಿದ್ದಿಸಬಹುದು ಎಂಬುದು ನಿಜ, ಆದರೆ ತಿದ್ದುಪಡಿಗೆ ಕೊಡಬೇಕಾದ ದಾಖಲೆಯೂ ಅದೇ ಅಂದಾಜಿನ ಮೇಲೆ ನಿಂತಿರುವಾಗ ದೊಡ್ಡವ್ವ ಏನನ್ನು ತೋರಿಸಬೇಕು?

ಮೇ 7ರ ಮಂಗಳವಾರ ಅವಳನ್ನು ನನ್ನ ತಮ್ಮ ಆಟೊದಲ್ಲಿ ಮತಗಟ್ಟೆಗೆ ಕರೆದೊಯ್ದ. ಬಿಸಿಲು ಏರುವುದಕ್ಕೆ ಮೊದಲು ಮುಗಿಸಬೇಕೆಂದು ಏಳು ಗಂಟೆಗೇ ಹೊರಟಿದ್ದರು. ಆ ಶಾಲೆಯಲ್ಲಿ ನೆರಳಿಗೆ ಪೆಂಡಾಲು, ಕುಡಿಯುವ ನೀರಿನ ಕೊಡ, ಗಾಲಿಕುರ್ಚಿ, ಅದನ್ನು ತಳ್ಳಲು ಇಬ್ಬರು ಸ್ವಯಂಸೇವಕ ಹುಡುಗರು, ಎಲ್ಲವೂ ಇದ್ದವು. ಇಳಿಜಾರೂ ಇತ್ತು, ಆದರೆ ಅದು ವರಾಂಡದವರೆಗೆ ಮಾತ್ರ. ಕೋಣೆಯ ಬಾಗಿಲಿಗೆ ಅಂಗೈ ಎತ್ತರದ ಹಳೆಯ ಕಲ್ಲಿನ ಹೊಸ್ತಿಲು ಇದ್ದು, ಗಾಲಿಕುರ್ಚಿ ಅಲ್ಲಿಗೆ ಬಂದು ನಿಂತುಬಿಟ್ಟಿತು. ಹುಡುಗರು ಕುರ್ಚಿಯ ಸಮೇತ ದೊಡ್ಡವ್ವನನ್ನು ಎತ್ತಿ ಒಳಗಿಟ್ಟರು. ಬೀಳುತ್ತೇನೆಂಬ ಹೆದರಿಕೆಗೆ ಅವಳು ಒಬ್ಬ ಹುಡುಗನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳೆಂದು ತಮ್ಮ ಹೇಳಿದ. ಇಳಿಜಾರಿನ ವ್ಯವಸ್ಥೆ ಮಾಡುವವರು ಗಾಲಿಕುರ್ಚಿಯನ್ನು ಗೇಟಿನಿಂದ ಮತಯಂತ್ರದ ಮುಂದಿನವರೆಗೆ ಒಮ್ಮೆ ತಾವೇ ತಳ್ಳಿ ನೋಡಿದರೆ ಇಂಥ ಹೊಸ್ತಿಲುಗಳು ಮೊದಲೇ ಕಣ್ಣಿಗೆ ಬೀಳುತ್ತವೆ.

ನನ್ನ ಸ್ವಂತ ಮತಗಟ್ಟೆಯ ಬಗ್ಗೆ ದೂರೇನೂ ಇಲ್ಲ. ಸಾಲಿನಲ್ಲಿ ನಿಂತದ್ದು ಅರ್ಧ ಗಂಟೆಗೂ ಕಡಿಮೆ. ಮೊದಲನೆಯ ಅಧಿಕಾರಿ ಪಟ್ಟಿಯಲ್ಲಿ ಹೆಸರನ್ನು ಗಟ್ಟಿಯಾಗಿ ಓದಿದರು, ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ ರಿಜಿಸ್ಟರಿನಲ್ಲಿ ಸಹಿ ಪಡೆದು ಚೀಟಿ ಕೊಟ್ಟರು, ಮೂರನೆಯವರು ಚೀಟಿ ಪಡೆದು ಯಂತ್ರ ಚಾಲೂ ಮಾಡಿದರು. ಆ ಶಾಯಿ ಮೈಸೂರಿನದು. 1962ರಿಂದ ಇಡೀ ದೇಶದ ಚುನಾವಣೆಗೆ ಅದನ್ನು ಅಲ್ಲಿಂದಲೇ ಪೂರೈಸುತ್ತಿದ್ದಾರೆ ಎಂಬುದು ನನಗೆ ಪ್ರತಿ ಸಲವೂ ಹೆಮ್ಮೆ ತರುವ ಸಂಗತಿ. ಗುಂಡಿ ಒತ್ತಿದ ಮೇಲೆ, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ. ಆ ಏಳು ಸೆಕೆಂಡಿಗಾಗಿ ನಾನು ಕನ್ನಡಕವನ್ನು ಮೊದಲೇ ಒರೆಸಿಕೊಂಡಿದ್ದೆ.

ಇದೇ ಊರಿನಲ್ಲಿ 1996ರ ಲೋಕಸಭಾ ಚುನಾವಣೆಗೆ 456 ಅಭ್ಯರ್ಥಿಗಳು ಕಣದಲ್ಲಿದ್ದುದು ನಮ್ಮ ತಲೆಮಾರಿನವರಿಗೆ ನೆನಪಿದೆ. ಆಗ ಠೇವಣಿ 500 ರೂಪಾಯಿ. ಬೆಳಗಾವಿ ಮತ್ತು ಆಗಿನ ಆಂಧ್ರದ ನಲ್ಗೊಂಡದಂಥ ಕ್ಷೇತ್ರಗಳ ಅನುಭವದ ನಂತರ ಅದೇ ವರ್ಷ ಅದನ್ನು 10,000ಕ್ಕೆ ಏರಿಸಿದರು, ಈಗ ಅದು 25,000 ರೂಪಾಯಿ. ಅಷ್ಟು ಹೆಸರುಗಳ ಕಾಗದದಲ್ಲಿ ತಮಗೆ ಬೇಕಾದವರನ್ನು ಹುಡುಕಿ ಠಸ್ಸೆ ಒತ್ತಿದವರು, ಇಂದು ಒಂದು ಯಂತ್ರದಲ್ಲಿ ನೋಟಾ ಸೇರಿ 16 ಸಾಲುಗಳನ್ನು ನೋಡುವಾಗ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ಯಂತ್ರದ ಮೇಲಿನ ಅನುಮಾನಗಳ ಬಗ್ಗೆ ನಮ್ಮ ಮನೆಯಲ್ಲಿಯೂ ವಾದ ನಡೆಯುತ್ತದೆ. ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ಒಪ್ಪದೆ ತೀರ್ಪು ಕೊಟ್ಟದ್ದು, ದಕ್ಷಿಣದ 14 ಕ್ಷೇತ್ರಗಳಲ್ಲಿ ಮತದಾನ ನಡೆದ 2024ರ ಏಪ್ರಿಲ್ 26ರಂದೇ. ಈಗಿನ ಕ್ರಮದಂತೆ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ, ಅಂದರೆ ಒಂದು ಲೋಕಸಭಾ ಕ್ಷೇತ್ರಕ್ಕೆ 40 ಮತಗಟ್ಟೆಗಳು.

ಸಂಕೇಶ್ವರದ ಅಕ್ಕನ ಮನೆಯಲ್ಲಿ ಮತದಾನ ಸುಸೂತ್ರವಾಯಿತು, ಒಬ್ಬಳಿಗೆ ಬಿಟ್ಟು. ಅಕ್ಕನ ಸೊಸೆ ಗೋಕಾಕದವಳು. ಮದುವೆಯಾಗಿ ಬಂದ ಮೇಲೆ ಹೆಸರನ್ನು ಹುಕ್ಕೇರಿ ಕ್ಷೇತ್ರಕ್ಕೆ ವರ್ಗಾಯಿಸಬೇಕೆಂದು ಅಕ್ಕನ ಮಗ ಒಂದು ಖಾಸಗಿ ಕಂಪ್ಯೂಟರ್ ಸೆಂಟರಿಗೆ ಹೋಗಿದ್ದ. ಅಲ್ಲಿಯವರು 150 ರೂಪಾಯಿ ಪಡೆದು, ವರ್ಗಾವಣೆಯ ನಮೂನೆ 8ರ ಬದಲು ಹೊಸ ಹೆಸರು ಸೇರಿಸುವ ನಮೂನೆ 6ನ್ನು ತುಂಬಿದರು. ಹೆಸರು ಈಗಾಗಲೇ ಬೇರೆ ಕಡೆ ಇರುವುದರಿಂದ ಅರ್ಜಿ ತಿರಸ್ಕೃತವಾಯಿತು, ಅದರ ಸಂದೇಶ ಹೋದದ್ದು ಸೆಂಟರಿನವರು ಕೊಟ್ಟ ತಮ್ಮದೇ ಮೊಬೈಲ್ ಸಂಖ್ಯೆಗೆ. ನಾಮಪತ್ರ ಸಲ್ಲಿಸುವ ಕೊನೆಯ ದಿನದ ನಂತರ ಪಟ್ಟಿಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ವಿಷಯ ತಿಳಿಯುವ ಹೊತ್ತಿಗೆ ಆ ದಿನ ಕಳೆದಿತ್ತು. ಅವಳು ಬೇಕಿದ್ದರೆ ಗೋಕಾಕಕ್ಕೆ ಹೋಗಿ ಬೆಳಗಾವಿ ಕ್ಷೇತ್ರದ ಮತ ಹಾಕಬಹುದಿತ್ತು, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಆ ಬಿಸಿಲಿನಲ್ಲಿ ಹೋಗುವುದು ಆಗಲಿಲ್ಲ. ಈ ನಮೂನೆಗಳಿಗೆ ಒಂದು ಪೈಸೆಯ ಶುಲ್ಕವೂ ಇಲ್ಲ, ಬಿಎಲ್‌ಒ ಅವರ ಕೈಯಲ್ಲಿ ಕೊಟ್ಟರೂ ಆಗುತ್ತದೆ, ಮೊಬೈಲಿನಲ್ಲಿ ತಾವೇ ತುಂಬಿದರೂ ಆಗುತ್ತದೆ. ಹೊಸ ಮತದಾರರಿಗೆ ಈಗ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ ಒಂದನೆಯ ತಾರೀಖು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಮದುವೆಯ ಹಂಗಾಮು ಮುಗಿದೊಡನೆ ಸೊಸೆಯಂದಿರ ನಮೂನೆ 8ನ್ನು ತುಂಬಿಬಿಡುವ ರೂಢಿಯನ್ನು ಪ್ರತಿ ಮನೆಯವರೂ ಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಕಡೆ ಪಟ್ಟಿಯಿಂದ ತಪ್ಪಿಹೋಗುವ ಮತಗಳಲ್ಲಿ ಹೆಣ್ಣುಮಕ್ಕಳದ್ದೇ ಹೆಚ್ಚು ಎಂಬುದು ನಾನು ಬಂಧು-ಬಳಗದಲ್ಲಿ ಕಂಡ ಮಾತು.

ಇನ್ನೊಂದು ಸೇವೆ ಇನ್ನೂ ಹುಟ್ಟಿಯೇ ಇಲ್ಲ. ವಿಜಯಪುರ ಜಿಲ್ಲೆಯಿಂದ ಗೋವಾ, ಪುಣೆ, ಮುಂಬೈಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು, ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವ ಗ್ಯಾಂಗಿನವರು ಮತ ಹಾಕಬೇಕಾದರೆ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ಊರಿಗೇ ಬರಬೇಕು. 2024ರಲ್ಲಿ ಚಿಕ್ಕೋಡಿಯ ಮತದಾನ ಶೇಕಡಾ 78 ದಾಟಿದರೆ ವಿಜಯಪುರದ್ದು ಶೇಕಡಾ 66ರಷ್ಟಿತ್ತು. ಗುಳೆ ಹೋದವರ ಗೈರುಹಾಜರಿಗೆ ಇದರಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು, ಆದರೆ ಅದು 2024ರ ಚುನಾವಣೆಯಲ್ಲಿ ಬಳಕೆಗೆ ಬರಲಿಲ್ಲ. ಪಕ್ಷಗಳ ಆಕ್ಷೇಪಗಳಿಗೆ ಉತ್ತರ ಸಿಗುವುದಕ್ಕೆ ಸಮಯ ಬೇಕು ಎಂಬುದನ್ನು ಒಪ್ಪುತ್ತೇನೆ. ಅದುವರೆಗೆ ಮತದಾನದ ಮುನ್ನಾದಿನ ಪಣಜಿ ಮತ್ತು ಪುಣೆಯಿಂದ ಹೆಚ್ಚುವರಿ ಬಸ್ಸುಗಳನ್ನು ಬಿಡುವುದನ್ನು ಹಬ್ಬಗಳಿಗೆ ಮಾಡಿದಷ್ಟೇ ಶ್ರದ್ಧೆಯಿಂದ ಮಾಡಬಹುದು.

ಜೂನ್ 4ರ ಎಣಿಕೆಯ ದಿನ ಆಯೋಗದ ಫಲಿತಾಂಶದ ಜಾಲತಾಣವನ್ನು ಮೂರು ಮೊಬೈಲುಗಳಲ್ಲಿ ತೆರೆದು ಕುಳಿತಿದ್ದೆವು, ಒಂದೊಂದರಲ್ಲಿ ಒಂದೊಂದು ಕ್ಷೇತ್ರ. ಟಿವಿ ವಾಹಿನಿಗಳ ಅಂಕಿಗಳು ಮುಂದೆ ಓಡುತ್ತಿದ್ದವು, ಜಾಲತಾಣದ್ದು ಸುತ್ತು ಮುಗಿದ ಮೇಲೆಯೇ ಬದಲಾಗುತ್ತಿತ್ತು. ನಿಧಾನವಾದರೂ ನಾನು ಅದನ್ನೇ ನಂಬಿ ಕುಳಿತೆ, ಅದು ಕೊನೆಗೆ ಒಂದು ಅಂಕಿಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಿಕ್ಕೋಡಿಯಲ್ಲಿ ಕಾಂಗ್ರೆಸ್ಸಿನ ಪ್ರಿಯಾಂಕಾ ಜಾರಕಿಹೊಳಿ 90 ಸಾವಿರಕ್ಕೂ ಹೆಚ್ಚು ಮತಗಳಿಂದ, ಬೆಳಗಾವಿಯಲ್ಲಿ ಬಿಜೆಪಿಯ ಜಗದೀಶ ಶೆಟ್ಟರ್ ಒಂದೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ, ಉತ್ತರ ಕನ್ನಡದಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಮೂರು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಇಂಥ ಅಂತರಗಳನ್ನು ನೋಡಿ ಒಬ್ಬ ಮುದುಕಿಯ ಮತಕ್ಕೆ ಇಷ್ಟು ಓಡಾಟ ಏಕೆಂದು ಕೇಳಿದ ಗೆಳೆಯನಿಗೆ ನಾನು 2021ರ ಬೆಳಗಾವಿ ಉಪಚುನಾವಣೆಯನ್ನು ನೆನಪಿಸಿದೆ. ಸುರೇಶ ಅಂಗಡಿಯವರ ನಿಧನದಿಂದ ತೆರವಾದ ಆ ಸ್ಥಾನ, ಎಂಟು ವಿಧಾನಸಭಾ ಕ್ಷೇತ್ರಗಳ ಮತ ಕೂಡಿಸಿದ ಮೇಲೆ, ನಿರ್ಧಾರವಾದದ್ದು ಐದು ಸಾವಿರದ ಆಸುಪಾಸಿನ ಮತಗಳಿಂದ.

ಅವ್ವನ ಮತ ಎಣಿಕೆಯಾದದ್ದು ಕುಮಟಾದಲ್ಲಿ. ಅವಳು ಎಂದೂ ಸಮುದ್ರ ನೋಡಿದವಳಲ್ಲ. ತನ್ನ ಓಟು ಅಲ್ಲಿಯವರೆಗೆ ಹೋಗಿಬಂದಿತಲ್ಲ ಎಂದು ಬಂದವರಿಗೆಲ್ಲ ಸಂತೋಷದಿಂದ ಹೇಳಿಕೊಂಡಳು.

ಅಕ್ಕನ ಸೊಸೆಯ ನಮೂನೆ 8ನ್ನು ಆ ವರ್ಷವೇ ಬಿಎಲ್‌ಒ ಮೂಲಕ ಕೊಡಿಸಿದೆವು, ಹೊಸ ಗುರುತಿನ ಚೀಟಿ ಅಂಚೆಯಲ್ಲಿ ಸಂಕೇಶ್ವರದ ವಿಳಾಸಕ್ಕೆ ಬಂದಿತು. ದೊಡ್ಡವ್ವನ ವಯಸ್ಸನ್ನು ತಿದ್ದಿಸಲು ಆಗಲಿಲ್ಲ. ಆದರೆ ಪಟ್ಟಿಯ ಲೆಕ್ಕವನ್ನೇ ಹಿಡಿದರೂ 2028ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಅವಳಿಗೆ 86 ಆಗಿರುತ್ತದೆ. ಅವ್ವನ ಟ್ರಂಕನ್ನು ಒಂದು ದಿನ ಪೂರ್ತಿ ಬರಿದು ಮಾಡಿ, ಸೀರೆಗಳ ಕೆಳಗಿದ್ದ ಆ ಹಳೆಯ 12-ಡಿ ನಮೂನೆಯನ್ನು ತೆಗೆದು, ಇಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮತ್ತು ಅಂಗನವಾಡಿ ಅಕ್ಕನ ಮೊಬೈಲ್ ಸಂಖ್ಯೆ ಬರೆದ ಹಾಳೆಯನ್ನು ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿದ್ದೇನೆ. ಲೋಕಸಭೆಗೆ ಕ್ಷೇತ್ರ ಉತ್ತರ ಕನ್ನಡ ಎಂದು ಅದರ ಮೇಲುಗಡೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.